ಗಡಿಯಾಚೆ ಹುಟ್ಟಿದವಳ ಮುಲ್ಕಿ ದರಖಾಸ್ತು

ಆ ದರಖಾಸ್ತಿನ, ಅಂದರೆ ಅರ್ಜಿಯ, ಮೂರನೆಯ ಕಾಲಮ್ಮಿನಲ್ಲಿದ್ದ ಸುಳ್ಳನ್ನು ಬರೆದವನು ನಾನು. ನೇಕಾರನೂ ಅಲ್ಲ, ಅವನ ಮಗಳೂ ಅಲ್ಲ. ಕಚೇರಿಯ ಕಾಗದದಲ್ಲಿ ಬೇರೆ ರೀತಿ ದಾಖಲಾಗಿದೆ. ಆ ಕಾಗದ ಇನ್ನೂ ಯಾವುದಾದರೂ ಗಂಟಿನಲ್ಲಿ ಉಳಿದಿದ್ದರೆ ಅದನ್ನು ನಂಬಬಾರದು ಎಂದು ಹೇಳುವುದಕ್ಕಾಗಿಯೇ ಈಗ ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಕುಷ್ಟಗಿಯ ತಹಸೀಲ್ ಕಚೇರಿಯ ಪಡಸಾಲೆಯಲ್ಲಿ ಕೂತು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ನಿಜಾಮರ ರಾಜ್ಯ. ಕಚೇರಿಯ ಭಾಷೆ ಉರ್ದು, ಜನರ ಭಾಷೆ ಕನ್ನಡ, ನಡುವೆ ನಾನು. ಹೀಗೆ ಬರೆಯುವುದಕ್ಕೆ ಸರಕಾರದ ಸನದು, ಅಂದರೆ ಪರವಾನಗಿ, ಬೇಕು. ಪ್ರತಿ ಅರ್ಜಿಯ ಕೆಳಗೆ ಬರೆದವನ ಹೆಸರು ಮತ್ತು ಸನದಿನ ನಂಬರು ಹಾಕಬೇಕು. ಜನ ನನ್ನನ್ನು ಮುನಶಿಯವರು ಎಂದು ಕರೆಯುತ್ತಿದ್ದರು. ನಾನು ಬರೆದ ಅರ್ಜಿ ತಿರುಗಿ ಬರುವುದಿಲ್ಲ ಎಂಬ ಮಾತು ಊರಲ್ಲಿತ್ತು. ಆ ಮಾತನ್ನು ಹಬ್ಬಿಸಿದವನೂ ನಾನೇ.

ನೇಕಾರ ನಮ್ಮ ತಾಲೂಕಿನ ಒಂದು ಹಳ್ಳಿಯವನು. ಐವತ್ತರ ಹತ್ತಿರದ ವಯಸ್ಸು. ಕುಣಿಮಗ್ಗದಲ್ಲಿ ಕೂತು ಕೂತು ಬೆನ್ನು ಸ್ವಲ್ಪ ಬಾಗಿತ್ತು. ಜೊತೆಗೆ ಮಗಳು. ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ಅಪ್ಪನ ಮನೆಗೆ ಬಂದವಳು. ಅಪ್ಪ ಪಡಸಾಲೆಯ ಕೆಳಗೇ ಚಪ್ಪಲಿ ಬಿಟ್ಟು ನಿಂತ. ಮಗಳು ಮೆಟ್ಟಿಲು ಹತ್ತಿ ಬಂದಳು.

"ಮುನಶಿಯವರ, ಮುಲ್ಕಿ ಸರ್ಟಿಫಿಕೇಟ್ ಆಗಬೇಕ್ರಿ," ಎಂದಳು.

ಮುಲ್ಕಿ ಎಂದರೆ ಈ ರಾಜ್ಯದವನು ಎಂಬುದಕ್ಕೆ ದಾಖಲೆ. ಅದಿಲ್ಲದವನು ಗೈರ್‌ಮುಲ್ಕಿ, ಹೊರಗಿನವನು. ಸರಕಾರಿ ನೌಕರಿ ಮುಲ್ಕಿಗಳಿಗೆ ಮಾತ್ರ. ತಾಲೂಕಿನ ಹೆಣ್ಣುಮಕ್ಕಳ ಸಾಲೆಗೆ ಕನ್ನಡ ಕಲಿಸುವ ಒಬ್ಬ ಅಕ್ಕೋರು ಬೇಕಾಗಿದ್ದರು. ಈಕೆ ಏಳನೆಯ ಇಯತ್ತೆ ಪಾಸಾಗಿದ್ದಳು. ನಮ್ಮ ಕಡೆ ಆಗ ಅಷ್ಟು ಕನ್ನಡ ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಸಾಲೆಗಳ ಇನ್‌ಸ್ಪೆಕ್ಟರು ಎರಡು ತಿಂಗಳ ವಾಯಿದೆ ಕೊಟ್ಟಿದ್ದರು: ಮುಲ್ಕಿ ಕಾಗದ ತಂದರೆ ಕೆಲಸ ಆಕೆಯದು.

"ಎಲ್ಲಿ ಓದಿದ್ಯವ್ವಾ ನೀನು?" ಎಂದೆ.

"ಗಜೇಂದ್ರಗಡದಾಗ್ರಿ."

ನನ್ನ ಲೇಖನಿ ಅಲ್ಲೇ ನಿಂತಿತು. ಗಜೇಂದ್ರಗಡ ಕುಷ್ಟಗಿಗೆ ಹತ್ತಿರ, ಆದರೆ ಗಡಿಯಾಚೆ. ಅದು ಬ್ರಿಟಿಷರ ಮುಂಬಯಿ ಇಲಾಖೆ. ನಡುವೆ ಸುಂಕದ ನಾಕೆ.

"ಹುಟ್ಟಿದ್ದು?"

"ಅದೂ ಅಲ್ಲೇ ರೀ. ನಮ್ಮವ್ವನ ತವರುಮನಿ."

ನೇಕಾರ ಕೆಳಗಿನಿಂದಲೇ ಹೇಳಿದ: "ಚೊಚ್ಚಲ ಬಾಣಂತನಕ್ಕ ತವರಿಗಿ ಹೋಗಿದ್ಲು ಸಾಹೇಬ್ರ. ಕೂಸು ಹಡದು ಮೂರನೇ ದಿನಕ್ಕ ತೀರಿಕೊಂಡ್ಲು. ಕೂಸನ್ನ ಅಲ್ಲೇ ಅವರಜ್ಜಿ ಜ್ವಾಪಾನ ಮಾಡಿದ್ಲು, ಸಾಲಿಗಿ ಹಾಕಿದ್ಲು. ನಾ ಒಬ್ಬ ಗಂಡಸು, ಮಗ್ಗದ ಮುಂದ ಕೂಸು ಹ್ಯಾಂಗ ಸಾಕ್ಲಿ?"

ಅವನ ಅಪ್ಪ, ಅಜ್ಜ ಎಲ್ಲರೂ ನಮ್ಮ ತಾಲೂಕಿನವರೇ. ಮನೆಯ ಜಾಗ ಮೂರು ತಲೆಮಾರಿನಿಂದ ಅವರ ಹೆಸರಿನಲ್ಲೇ ಇತ್ತು. ಕಾಯಿದೆ ಕೇಳುತ್ತಿದ್ದದ್ದು ಇಷ್ಟನ್ನೇ. ಅದು ನನಗೆ ಗೊತ್ತಿರಲಿಲ್ಲ. ಹಿಂದೆ ಎರಡು ಮುಲ್ಕಿ ಅರ್ಜಿಗಳು ತಿರಸ್ಕಾರವಾದದ್ದನ್ನು ನಾನು ಕಂಡಿದ್ದೆ. ಇಬ್ಬರೂ ಗಡಿಯಾಚೆ ಹುಟ್ಟಿದವರು. ಅವರ ಅಪ್ಪಂದಿರೂ ಗಡಿಯಾಚೆಯವರೇ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮೂನೆಯಲ್ಲಿ ಮೂರನೆಯ ಕಾಲಮ್ಮು ಜನ್ಮಸ್ಥಳದ್ದು. ಕಾಲಮ್ಮು ಇದೆ ಎಂದರೆ ಅದರ ಮೇಲೇ ಎಲ್ಲ ನಿಂತಿದೆ ಎಂದುಕೊಂಡೆ. ಕಾಯಿದೆಯ ಪುಸ್ತಕ ಕಚೇರಿಯೊಳಗೇ ಇತ್ತು. ಎದ್ದು ಹೋಗಿ ಕೇಳಿದ್ದರೆ ತಹಸೀಲ್ದಾರರ ಗುಮಾಸ್ತರಾದ ಪೇಶ್ಕಾರರು ತೋರಿಸುತ್ತಿದ್ದರು. ಆದರೆ ಮುನಶಿಯಾದವನು ಜನರೆದುರು ಒಳಗೆ ಹೋಗಿ ಕೇಳುವುದೆಂದರೆ, ತನಗೆ ಗೊತ್ತಿಲ್ಲ ಎಂದು ಸಾರಿದಂತೆ.

"ನಿಮ್ಮ ಹಳ್ಳ್ಯಾಗ, ನಿಮ್ಮಪ್ಪನ ಮನ್ಯಾಗ ಹುಟ್ಟೀ ಅಂತ ಬರಿತೀನಿ," ಎಂದೆ.

ಆಕೆ ತಕ್ಷಣ ಹೇಳಿದಳು: "ಸಾಲಿ ದಾಖಲೇದಾಗ ಹುಟ್ಟಿದೂರು ಗಜೇಂದ್ರಗಡ ಅಂತ ಐತ್ರಿ. ಅದನ್ನ ಇನ್‌ಸ್ಪೆಕ್ಟರಿಗಿ ಕೊಟ್ಟೀನಿ."

"ಅದು ಬ್ಯಾರೆ ಕಚೇರಿ ತಂಗಿ. ಆ ಫೈಲಿಗಿ ಈ ಫೈಲಿನ ಮಾರಿ ಗೊತ್ತಿಲ್ಲ."

"ಸುಳ್ಳು ಬರದ್ರ ಮುಂದ ತ್ರಾಸ ಆಗಂಗಿಲ್ಲೇನ್ರಿ?"

ಹೆಣ್ಣುಮಗಳೊಬ್ಬಳು ನನ್ನ ಕೆಲಸದ ಬಗ್ಗೆ ಪ್ರಶ್ನೆ ಕೇಳಿದ್ದು ನನಗೆ ಹಿಡಿಸಲಿಲ್ಲ. ಅವಳನ್ನು ಬಿಟ್ಟು ಅಪ್ಪನ ಕಡೆ ತಿರುಗಿದೆ. "ಮಗಳಿಗಿ ನೌಕರಿ ಬೇಕೋ ಬ್ಯಾಡೋ?"

ನೇಕಾರ ಕೈಮುಗಿದ. "ನೀವು ಓದಿದವರು. ನೀವು ಹೆಂಗ ಬರಿತೀರೋ ಹಂಗ," ಎಂದ.

ಬರೆದೆ. ಅವನು ಹೆಬ್ಬೆಟ್ಟು ಒತ್ತಿದ. ಆಕೆ ಕನ್ನಡದಲ್ಲಿ ಸಹಿ ಮಾಡಿದಳು. ತನ್ನ ಸಹಿಯ ಮೇಲಿದ್ದ ಉರ್ದುವಿನಲ್ಲಿ ಒಂದು ಅಕ್ಷರವನ್ನೂ ಆಕೆ ಓದಲಾರಳು.

ಹುಟ್ಟಿಗೆ ಸಾಕ್ಷಿ ಬೇಕು. ಅದನ್ನೂ ನಾನೇ ಹೊಂದಿಸಿದೆ. ಅದೇ ಹಳ್ಳಿಯ ಮುದಿ ಸೂಲಗಿತ್ತಿಯನ್ನು ಸಂತೆಯ ದಿನ ಹಿಡಿದು ಮಾತಾಡಿಸಿದೆ.

"ಯವ್ವಾ, ಇಲ್ಲೀತನಕ ಎಷ್ಟು ಕೂಸು ಹಿಡದೀ?"

"ಯಾರು ಎಣಿಸ್ಯಾರೋ ಯಪ್ಪಾ!"

"ಹಂಗಾರ ಇನ್ನೊಂದು ಕೂಡಿಸಿಕೋ."

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ನಾನೂ ನಕ್ಕೆ. ನೇಕಾರನ ಮೇಲಿನ ಕನಿಕರಕ್ಕೆ ಅವಳು ಒಪ್ಪಿದಳು. ತಾಯಿಯಿಲ್ಲದ ಹುಡುಗಿ, ಗಂಡನಿಲ್ಲದ ಹುಡುಗಿ, ನನ್ನ ಒಂದು ಮಾತಿನಿಂದ ಅದಕ್ಕೆ ಅನ್ನ ಸಿಗುವುದಾದರೆ ಹೇಳುತ್ತೇನೆ ಎಂದಳು.

ಅರ್ಜಿ ಒಳಗೆ ಹೋಯಿತು. ಗಿರದಾವರರು, ಅಂದರೆ ಹಳ್ಳಿಗಳ ತಪಾಸಣೆ ಮಾಡುವ ಅಧಿಕಾರಿ, ಊರಿಗೆ ಹೋಗಿ ಬಂದರು. ಊರ ಲೆಕ್ಕ ಬರೆಯುವ ಪಟವಾರಿಯ ದಫ್ತರದಲ್ಲಿ ನೇಕಾರನ ಅಜ್ಜನ ಹೆಸರು ಸಿಕ್ಕಿತು. ಇವರು ಇಲ್ಲಿಯವರೇ ಎಂದು ಪೊಲೀಸ್ ಪಟೇಲ ಬರೆದುಕೊಟ್ಟ. ಎಲ್ಲವೂ ನೇರವಾಗಿತ್ತು. ಉಳಿದದ್ದು ತಹಸೀಲ್ದಾರರ ಎದುರು ಪ್ರಮಾಣ ಮಾಡಿ ಬಯಾನು, ಅಂದರೆ ಹೇಳಿಕೆ, ಕೊಡುವುದು. ಅದಕ್ಕೆ ಹನ್ನೆರಡು ದಿನದ ನಂತರದ ತಾರೀಖು ಬಿತ್ತು.

ಈ ನಡುವೆ ಬೇರೊಬ್ಬರ ಜಮೀನಿನ ಕೆಲಸಕ್ಕಾಗಿ ನಾನು ರಾಯಚೂರಿಗೆ ಹೋಗಬೇಕಾಯಿತು. ಅಲ್ಲಿ ನನ್ನ ಪರಿಚಯದ ವಕೀಲರೊಬ್ಬರಿದ್ದರು. ಮಾತಿಗೆ ಮಾತು ಬಂದು, ಯಾರದೋ ಸಂಗತಿ ಎಂಬಂತೆ ಈ ವಿಷಯ ತೆಗೆದೆ. ಅವರು ಕಪಾಟಿನಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು.

"ಓದು. ಹುಟ್ಟುವಾಗ ತಂದಿ ಮುಲ್ಕಿ ಇದ್ದರ ಮಗೂನೂ ಮುಲ್ಕಿ. ಆ ಮಗು ಕಾಶ್ಯಾಗ ಹುಟ್ಟಲಿ, ಲಂಡನ್ನಿನಾಗ ಹುಟ್ಟಲಿ. ಅಲ್ಲೋ ಮಾರಾಯಾ, ಅರ್ಧ ಸೀಮಿ ಸೊಸ್ತೇರು ತವರಿಗಿ ಹೋಗಿ ಹಡೀತಾರ. ಊರು ನೋಡಿ ತೀರ್ಮಾನ ಮಾಡಿದ್ರ ಗಡಿಮ್ಯಾಲಿನ ಚೊಚ್ಚಲ ಮಕ್ಕಳೆಲ್ಲ ಗೈರ್‌ಮುಲ್ಕಿ ಆಗಬೇಕಲ್ಲ!"

ಎರಡು ಸಲ ಓದಿದೆ. ಅನುಮಾನಕ್ಕೆ ಎಡೆಯಿರಲಿಲ್ಲ.

"ಮತ್ತ ಅರ್ಜ್ಯಾಗ ಹುಟ್ಟಿದೂರು ತಪ್ಪು ಬರದಿದ್ರ?" ಎಂದೆ.

ಅವರು ನನ್ನ ಮುಖ ನೋಡಿದರು. "ಬಯಾನು ಆಗೋದ್ರೊಳಗ ತಿದ್ದುಪಡಿ ಅರ್ಜಿ ಹಾಕಿಸು. ಬರೆಯುವಾಗ ತಪ್ಪಾತು ಅಂತ ಬರೆದವನೇ ಒಪ್ಪಿಕೊಂಡ್ರ ಮುಗೀತು. ಪ್ರಮಾಣ ಮಾಡಿ ಸುಳ್ಳು ಹೇಳಿದ ಮ್ಯಾಲ ಮಾತ್ರ ಯಾರ ಕೈಯಾಗೂ ಇರೂದಿಲ್ಲ."

ಬಸ್ಸಿನಲ್ಲಿ ಬರುವಾಗಲೇ ಮನಸ್ಸಿನಲ್ಲಿ ತಿದ್ದುಪಡಿ ಸಿದ್ಧವಾಗಿತ್ತು. ಕುಷ್ಟಗಿಗೆ ಬಂದು ಬರೆದೂ ಬರೆದೆ. ನಾಲ್ಕೇ ಸಾಲು. ಆದರೆ ಕೊನೆಯ ಸಾಲಿನಲ್ಲಿ ತಪ್ಪು ಬರೆದವನು ನಾನು ಎಂದು ಹೆಸರು, ಸನದಿನ ನಂಬರು ಹಾಕಬೇಕಿತ್ತು. ಕೆಲವೇ ತಿಂಗಳ ಹಿಂದೆ ನನ್ನಂಥ ಇನ್ನೊಬ್ಬ ಮುನಶಿಯ ಸನದು ಇಂಥದೇ ಕಾರಣಕ್ಕೆ ಹೋಗಿತ್ತು. ಅವನು ಈಗ ಅಂಗಡಿಯೊಂದರ ಮುಂದೆ ಕಾಳು ಅಳೆಯುತ್ತಿದ್ದ. ಅವನನ್ನು ಕಂಡಾಗಲೆಲ್ಲ ನಾನು ಮುಗುಳುನಗುತ್ತಿದ್ದೆ. ಈಗ ಅವನು ನನ್ನನ್ನು ಕಂಡು ನಗುವುದನ್ನು ನೆನೆಸಿಕೊಂಡೆ. ಇನ್ನೂ ದಿನವಿದೆ, ನಾಳೆ ಹಾಕಿದರಾಯಿತು ಎಂದುಕೊಂಡೆ. ನಾಳೆ ಎಂಬುದು ಎಂಟು ದಿನ ನಡೆಯಿತು. ಆಮೇಲೆ ನನಗೆ ನಾನೇ ಹೇಳಿಕೊಂಡೆ: ಎಲ್ಲ ವರದಿಗಳೂ ಚೆನ್ನಾಗಿವೆ, ಬಯಾನು ಬರೀ ಶಾಸ್ತ್ರಕ್ಕೆ, ಮೂರನೆಯ ಕಾಲಮ್ಮನ್ನು ಯಾರು ಕೆದಕುತ್ತಾರೆ?

ಆ ತಾರೀಖಿನ ದಿನ ನೇಕಾರ ಮಡಿ ಧೋತರ ಉಟ್ಟು, ಮಗಳು ಮತ್ತು ಸೂಲಗಿತ್ತಿಯೊಂದಿಗೆ ಬಂದ. ನಾನು ಅರ್ಜಿ ಬರೆದವನಾಗಿ ಒಳಗೆ ನಿಂತಿದ್ದೆ. ತಿದ್ದುಪಡಿಯ ಕಾಗದ ನನ್ನ ಕೈಚೀಲದಲ್ಲೇ ಇತ್ತು.

ತಹಸೀಲ್ದಾರರು ಹೈದರಾಬಾದಿನ ಕಡೆಯವರು. ಗಂಭೀರ ಮನುಷ್ಯ, ನ್ಯಾಯವಂತರು. ಕನ್ನಡ ಬರುತ್ತಿರಲಿಲ್ಲ. ಅವರ ಪೇಶ್ಕಾರರು ಗಂಗಾವತಿ ಕಡೆಯ ಮುಸಲ್ಮಾನರು. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುವರು. ಪ್ರಶ್ನೆ ಕೇಳುವುದು, ಉತ್ತರವನ್ನು ಉರ್ದುವಿನಲ್ಲಿ ಬರೆದುಕೊಳ್ಳುವುದು ಅವರ ಕೆಲಸ. ಮೊದಲು ಸೂಲಗಿತ್ತಿಯನ್ನು ಕರೆದರು. ಪ್ರಮಾಣವಾಯಿತು.

"ಈಕಿ ಹುಟ್ಟುವಾಗ ಕೂಸು ಹಿಡದಾಕಿ ನೀನೇನಬೇ?"

"ಹೌದ್ರಿ ಯಪ್ಪಾ."

"ಎಲ್ಲಿ?"

"ಇವರ ಮನ್ಯಾಗ್ರಿ. ಅಡಗಿ ಮನಿ ಬಾಜೂಕ."

"ಎಷ್ಟನೇ ಕೂಸು?"

ಮುದುಕಿಗೆ ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ಸತ್ಯವೇ ಬಾಯಿಗೆ ಬಂತು. "ಚೊಚ್ಚಲರಿ. ಮುಂದ ತಾಯಿ ಎಲ್ಲಿ ಉಳದ್ಲು?"

ಪೇಶ್ಕಾರರು ಲೇಖನಿ ಕೆಳಗಿಟ್ಟು ಕನ್ನಡಕ ತೆಗೆದರು. "ಚೊಚ್ಚಲ ಬಾಣಂತನ ಗಂಡನ ಮನ್ಯಾಗ? ನಮ್ಮ ಮನ್ಯಾಗ ಐದು ಮಂದಿ ಹೆಣ್ಮಕ್ಕಳದಾರ. ಐದೂ ಚೊಚ್ಚಲ ಬಾಣಂತನ ನನ್ನ ತಲಿಮ್ಯಾಲ ಆಗ್ಯಾವು. ಒಬ್ಬ ಬೀಗನೂ ತನ್ನ ಮನ್ಯಾಗ ಮಾಡಿಸಿಕೊಳ್ಳಲಿಲ್ಲ. ನಿಮ್ಮೂರಾಗ ಅಂಥಾ ಬೀಗರು ಎಲ್ಲಿ ಸಿಕ್ಕರಬೇ? ನನಗೂ ಒಂದು ಮನಿ ತೋರಸು."

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಚಪರಾಸಿಯೂ ನಕ್ಕ. ಸೂಲಗಿತ್ತಿ ಸೆರಗಿನ ತುದಿ ಕಚ್ಚಿಕೊಂಡು ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು, ಮದುವೆಯಾಗಿ ಹೆಂಡತಿಯನ್ನು ಎರಡು ಸಲ ತವರಿಗೆ ಕಳಿಸಿದ ನಾನು, ಈ ಪ್ರಶ್ನೆ ಬರಬಹುದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಸಾಲೆಯ ದಾಖಲೆಯ ಫೈಲು ಈ ಮೇಜಿಗೆ ಕೊನೆಗೂ ಬರಲಿಲ್ಲ. ಆ ಲೆಕ್ಕ ಮಾತ್ರ ಸರಿಯಾಗಿತ್ತು.

ತಹಸೀಲ್ದಾರರು ನಗುವಿಗೆ ಕಾರಣ ಕೇಳಿದರು. ಪೇಶ್ಕಾರರು ಹೇಳಿದರು. ಅವರು ನಗಲಿಲ್ಲ. ನೇಕಾರನನ್ನು ಮುಂದಕ್ಕೆ ಕರೆಯಿರಿ ಎಂದರು.

ನೇಕಾರ ಪ್ರಮಾಣ ಮಾಡಿದ. ಪೇಶ್ಕಾರರ ದನಿ ಈಗ ಮೆತ್ತಗಾಗಿತ್ತು. "ನೋಡಪ್ಪಾ, ನಿನ್ನ ಹೆಂಡ್ತಿ ಸಾಯುವಾಗ ಬಾಜೂಕ ಯಾರಿದ್ರು?"

ಏನು ಹೇಳಬೇಕೆಂದು ನಾನು ಅವನಿಗೆ ಮೂರು ಸಲ ಪಾಠ ಮಾಡಿದ್ದೆ: ನಾನೇ ಇದ್ದೆ, ನನ್ನ ಮನೆಯಲ್ಲಿ, ನನ್ನ ತೊಡೆಯ ಮೇಲೇ ತೀರಿಕೊಂಡಳು.

"ನಾ ಇರಲಿಲ್ರಿ," ಎಂದ. "ಸುದ್ದಿ ಮುಟ್ಟಿ ನಾ ಗಜೇಂದ್ರಗಡಕ್ಕ ಹೋಗೂದ್ರಾಗ ಮಣ್ಣು ಮಾಡಿ ಮುಗಿಸಿದ್ರು. ಆಕಿ ಮಾರಿ ಸೈತ ನೋಡಲಿಲ್ಲ. ನನ್ನ ತೊಡಿಮ್ಯಾಲ ಸತ್ಲು ಅಂತ ಹೆಂಗ ಹೇಳ್ಲಿ ಸಾಹೇಬ್ರ? ಅದೊಂದು ನನ್ನ ಬಾಯಾಗ ಬರವಲ್ಲದು."

ಯಾರೂ ನಗಲಿಲ್ಲ. ತಹಸೀಲ್ದಾರರು ಅರ್ಜಿಯನ್ನು ತಿರುವಿ, ಕೆಳಗಿದ್ದ ನನ್ನ ನಂಬರಿನ ಮೇಲೆ ಬೆರಳಿಟ್ಟು, ಇದನ್ನು ಹೀಗೆ ಬರೆಯಲು ಹೇಳಿದವರು ಯಾರು ಎಂದು ನನ್ನನ್ನೇ ಕೇಳಿದರು.

ಕೈಚೀಲ ನನ್ನ ಕಂಕುಳಲ್ಲಿತ್ತು. ಆಗಲೂ ತೆಗೆದುಕೊಡಬಹುದಿತ್ತು.

"ಅವರು ಹೇಳಿದ್ದನ್ನೇ ಬರೆದಿದ್ದೇನೆ ಹುಜೂರ್," ಎಂದು ಉರ್ದುವಿನಲ್ಲಿ ಹೇಳಿದೆ.

ಪೇಶ್ಕಾರರು ಅದನ್ನು ಕನ್ನಡದಲ್ಲಿ ನೇಕಾರನಿಗೆ ಹೇಳಿ, ನಿಜವೇ ಎಂದು ಕೇಳಿದರು. ಮಗಳು ಏನೋ ಹೇಳಲು ಒಂದು ಹೆಜ್ಜೆ ಮುಂದೆ ಬಂದಳು. ನೇಕಾರ ಕೈ ಅಡ್ಡ ಹಿಡಿದು ತಡೆದ. "ಹೌದ್ರಿ. ತಪ್ಪು ನಮ್ಮದ ರೀ," ಎಂದ. ಯಾಕೆ ಹಾಗೆಂದ ಎಂದು ಈಗಲೂ ನನಗೆ ಗೊತ್ತಿಲ್ಲ. ಮುನಶಿಯನ್ನು ಕಚೇರಿಯೊಳಗೆ ಹಿಡಿದುಕೊಡಬಾರದು, ಮುಂದೆ ಎಂದಾದರೂ ಬೇಕಾಗುತ್ತಾನೆ ಎಂದುಕೊಂಡನೋ, ಅಥವಾ ನಾನು ಅವನ ಸಲುವಾಗಿಯೇ ಸುಳ್ಳು ಬರೆದೆ ಎಂಬ ಋಣವೋ.

ತಹಸೀಲ್ದಾರರು ಬೇಸರದಿಂದ ಉರ್ದುವಿನಲ್ಲಿ ಹೇಳಿದ ಮಾತು ಇದು: "ಅಪ್ಪನೇ ಮುಲ್ಕಿಯಾದ ಮೇಲೆ ಈ ಸುಳ್ಳು ಯಾತಕ್ಕೆ ಬೇಕಿತ್ತು? ಈ ಅರ್ಜಿ ವಜಾ. ನಿಜ ಬರೆದ ಹೊಸ ಅರ್ಜಿ ತರಲಿ, ಅದನ್ನು ಅದರ ಯೋಗ್ಯತೆಯ ಮೇಲೆ ನೋಡುತ್ತೇನೆ." ಅದನ್ನೇ ಹುಕುಮಿನಲ್ಲೂ ಬರೆಸಿದರು. ಸಾಕ್ಷಿಯನ್ನೂ ನೇಕಾರನನ್ನೂ ಎಚ್ಚರಿಕೆ ಕೊಟ್ಟು ಬಿಟ್ಟರು. ಪೇಶ್ಕಾರರು "ವಜಾ ಆತು, ಹೋಗ್ರಿ. ನಕಲು ಮುನಶಿಯವರ ಕಡೆ ತಗೋರಿ" ಎಂದಷ್ಟೇ ಕನ್ನಡದಲ್ಲಿ ಹೇಳಿ ಮುಂದಿನ ಹೆಸರು ಕೂಗಿಸಿದರು. ಉಳಿದದ್ದನ್ನು ನಾನು ಹೇಳುತ್ತೇನೆ ಎಂದು ಅವರು ತಿಳಿದಿರಬೇಕು. ಅದು ನನ್ನ ಕೆಲಸವೇ ಆಗಿತ್ತು.

ಹೊರಗೆ ಪಡಸಾಲೆಯಲ್ಲಿ ನೇಕಾರ ನನಗಾಗಿ ಕಾಯುತ್ತಿದ್ದ. ಮಗಳು ಸೂಲಗಿತ್ತಿಯನ್ನು ನೀರಿಗೆ ಕರೆದುಕೊಂಡು ಹೋಗಿದ್ದಳು.

"ಸಾಹೇಬ್ರು ಅಷ್ಟೊತ್ತು ಏನಂದ್ರು ಮುನಶಿಯವರ?"

ನಾನು ಕೈಚೀಲ ಸರಿಪಡಿಸಿಕೊಂಡೆ. ಅವನೇ ಕೇಳಿದ: "ನಾ ಖರೇ ಹೇಳಿ ಕೆಡಸಿದ್ನೇನ್ರಿ?"

ಆಗ ನಿಜ ಹೇಳಿದ್ದರೆ ಮರುದಿನವೇ ಹೊಸ ಅರ್ಜಿ ಹೋಗುತ್ತಿತ್ತು. ವಾಯಿದೆ ಮುಗಿಯಲು ಇನ್ನೂ ಹದಿನೈದು ದಿನವಿತ್ತು. ಆದರೆ ಹೊಸ ಅರ್ಜಿಯ ವಿಚಾರಣೆಯಲ್ಲಿ ಹಳೆಯದರ ಮಾತು ಬರುತ್ತದೆ, ಮಗಳು ಬಾಯಿ ಬಿಡುತ್ತಾಳೆ, ತಹಸೀಲ್ದಾರರ ಬೆರಳು ಮತ್ತೆ ನನ್ನ ನಂಬರಿನ ಮೇಲೆ ಬರುತ್ತದೆ. ಇಷ್ಟನ್ನು ಯೋಚಿಸಲು ನನಗೆ ಒಂದು ಗಳಿಗೆ ಸಾಕಾಯಿತು.

"ಹೌದು," ಎಂದೆ. "ಒಂದು ಮಾತು ತಡಕೊಂಡಿದ್ರ ಕೆಲಸ ಆಗತಿತ್ತು."

ಅವನು ತಲೆಯಾಡಿಸಿದ. ಕೆಳಗಿಳಿದು ಚಪ್ಪಲಿ ಮೆಟ್ಟಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಎರಡು ದಿನ ಬಿಟ್ಟು ಹುಕುಮಿನ ನಕಲನ್ನು ಅವನ ಕೈಗೆ ಕೊಟ್ಟೆ. ಇದರಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ. ತಿದ್ದುಪಡಿಯ ಕಾಗದವನ್ನು ಮನೆಯಲ್ಲಿ ನೀರೊಲೆಗೆ ಹಾಕಿದೆ.

ಕೆಲಸ ಬೇರೆಯವರ ಪಾಲಾಯಿತು. ಆ ವರ್ಷದ ಕೊನೆಗೆ ನೇಕಾರ ಮಗ್ಗ ಮಾರಿ, ಮನೆಗೆ ಬೀಗ ಹಾಕಿ, ಮಗಳೊಂದಿಗೆ ಗಜೇಂದ್ರಗಡದಲ್ಲಿ ಹೆಂಡತಿಯ ತವರುಮನೆ ಸೇರಿದನೆಂದು ಕೇಳಿದೆ. ಮೂರು ತಲೆಮಾರಿನ ಮುಲ್ಕಿ ಮನುಷ್ಯ ಗಡಿ ದಾಟಿ ಹೊರಗಿನವನಾದ. ಅಲ್ಲಿ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದ. ಮಗಳು ಕುಪ್ಪಸ ಹೊಲಿಯುತ್ತಿದ್ದಳು. ನನ್ನ ಸನದು ಉಳಿಯಿತು. ನಿಜಾಮರ ರಾಜ್ಯ ಹೋಗುವ ತನಕ ಅದೇ ಪಡಸಾಲೆಯಲ್ಲಿ ಬರೆದೆ.

ರಾಜ್ಯ ಹೋದ ಮರುವರ್ಷ ನೇಕಾರ ತೀರಿಕೊಂಡ ಸುದ್ದಿ ಬಂತು. ಅವನು ಬದುಕಿದ್ದಾಗ ಎದುರು ನಿಲ್ಲಲು ಆಗದ ನಾನು, ಸತ್ತ ಮೇಲೆ ಹೊರಟೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆಕೆ ಹೊಲಿಗೆಯ ಮುಂದೆ ಕೂತಿದ್ದಳು. ತಲೆಯಲ್ಲಿ ಬಿಳಿ ಕೂದಲು ಬಂದಿದ್ದವು. ನನ್ನನ್ನು ಗುರುತಿಸಿದಳು. ಕೂಡ್ರಿ ಎನ್ನಲಿಲ್ಲ.

ನಿಂತೇ ಎಲ್ಲ ಹೇಳಿದೆ. ರಾಯಚೂರಿನ ವಕೀಲರು, ಚೀಲದಲ್ಲಿದ್ದ ಕಾಗದ, ಸಾಹೇಬರು ಆಡಿದ ಮಾತು. ಆಕೆ ಸೂಜಿ ನಿಲ್ಲಿಸದೆ ಕೇಳಿದಳು.

"ಗೊತ್ತೈತ್ರಿ," ಎಂದಳು. "ನೀವು ಕೊಟ್ಟ ನಕಲು ಇಲ್ಲಿ ಉರ್ದು ಸಾಲಿ ಮಾಸ್ತರು ಓದಿ ಹೇಳಿದ್ರು. ಹೊಸಾ ಅರ್ಜಿ ಕೊಡ್ರಿ ಅಂತ ಬರದಾರಲ್ಲ, ಯಾಕ ಕೊಡಲಿಲ್ಲ ಅಂತ ಕೇಳಿದ್ರು. ಅಷ್ಟರಾಗ ಆ ಜಾಗಾ ತುಂಬಿ ಒಂದು ವರ್ಷ ಆಗಿತ್ತು."

"ನನ್ನದು ಭಾಳ ದೊಡ್ಡ ತಪ್ಪು ತಂಗಿ..."

"ನನ್ನ ನೌಕರಿ ಬಿಡ್ರಿ. ನಾ ಅಪ್ಪಗ ಎಷ್ಟು ಸರ್ತಿ ಹೇಳೀನಿ ಗೊತ್ತೇನ್ರಿ? ಯಪ್ಪಾ, ನೀ ಖರೇ ಹೇಳಿದ್ದಕ್ಕ ಕೆಟ್ಟಿಲ್ಲ, ಅರ್ಜ್ಯಾಗ ಖರೇ ಬರದಿದ್ರ ಆಗತಿತ್ತು, ಇಲ್ಲಿ ನೋಡು ಕಾಗದದಾಗ ಐತಿ ಅಂತ. ನಂಬಲಿಲ್ಲ. ನನ್ನ ಸಮಾಧಾನಕ್ಕ ಹೇಳ್ತೀ ಅಂದ. ಮುನಶಿಯವರು ಓದಿದವರು, ತಮ್ಮ ಬಾಯಲೇ ಹೇಳ್ಯಾರ, ನಾ ಒಂದು ಮಾತು ತಡಕೊಂಡಿದ್ರ ನಿನ್ನ ಬಾಳೇವು ಆಗತಿತ್ತು ಅಂದ. ಜ್ವರದಾಗೂ ಅದನ್ನ ಅಂದ. ಕಡೀ ದಿನಾನೂ ಅದನ್ನ ಅಂದ."

ದಾರ ಹಲ್ಲಿನಿಂದ ಕಡಿದು ಬಟ್ಟೆ ಮಡಚಿದಳು.

"ನನಗ ಹೇಳಾಕ ಬಂದೀರಿ. ನನಗೇನ ಬೇಕಾಗಿತ್ರಿ? ಅಂವಗ ಒಂದು ಸರ್ತಿ ಹೇಳಬೇಕಿತ್ತು. ನಿಮ್ಮ ಮಾತು ನಂಬತಿದ್ದ."

ಕುಷ್ಟಗಿಯಿಂದ ಗಜೇಂದ್ರಗಡ ದೂರವೇನಲ್ಲ. ಬೆಳಿಗ್ಗೆ ಹೊರಟರೆ ಕೆಲಸ ಮುಗಿಸಿಕೊಂಡು ಅಂದೇ ಮನೆಗೆ ಬರಬಹುದು. ನೇಕಾರ ಅಲ್ಲಿ ಬದುಕಿದ್ದ ಹತ್ತು ವರ್ಷಗಳಲ್ಲಿ ನಾನು ಆ ಊರಿಗೆ ಮೂರು ಸಲ ಹೋಗಿದ್ದೆ. ಎರಡು ಸಲ ಎತ್ತು ನೋಡುವುದಕ್ಕೆ, ಒಂದು ಸಲ ಸಂಬಂಧಿಕರ ಮದುವೆಯ ಊಟಕ್ಕೆ.